ಹನ್ನೆರಡು ಗುಣಿ

ಹನ್ನೊಂದನೆಯ ಗುಣಿಯಲ್ಲೂ ನೀರು ಬರಲಿಲ್ಲ. ಮೈದಾನ ನೋಡಿಕೊಳ್ಳುವವನಿಗೆ ಖುಷಿಯಾಗಬೇಕಿತ್ತು. ಅವನಿಗೆ ಸಿಟ್ಟು ಬಂತು. ಇಪ್ಪತ್ತಮೂರು ದಿನ ಬಿಡದೆ ಹೊಯ್ದ ಮಳೆ ನಿನ್ನೆ ಮಧ್ಯಾಹ್ನ ಹೇಳದೆ ಕೇಳದೆ ನಿಂತುಹೋಗಿ, ಸಂಜೆಯಿಂದ ಬೀಸಿದ ಗಾಳಿ ಹುಲ್ಲಿನ ಮೇಲಿನ ನೀರನ್ನೆಲ್ಲ ನೆಕ್ಕಿ ಹಾಕಿತ್ತು. ಅವನು ನಂಬಿಕೆ ಸಾಲದೆ ಬಲಗಾಲಿನ ಬೂಟಿನ ಹಿಮ್ಮಡಿಯನ್ನು ಇನ್ನೊಮ್ಮೆ ನೆಲಕ್ಕೆ ಒತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಅರ್ಧ ಸುತ್ತು ತಿರುಗಿಸಿ, ಕಾಲು ತೆಗೆದು ಬಗ್ಗಿ ನೋಡಿದ. ಒಂದರಿಂದ ಹತ್ತರವರೆಗೆ ಎಣಿಸಬೇಕು. ಅಷ್ಟರೊಳಗೆ ಗುಣಿಯಲ್ಲಿ ನೀರು ತುಂಬಿದರೆ ಆ ಜಾಗ ಕೆಟ್ಟಿದೆ ಎಂದರ್ಥ. ಇಂಥವು ಹನ್ನೆರಡು ಜಾಗ: ಎರಡು ಗೋಲಿನ ಬಾಯಿ, ನಾಲ್ಕು ಮೂಲೆ, ನಟ್ಟನಡುವೆ ಒಂದು, ಎರಡೂ ಪಕ್ಕದ ಗೆರೆಗಳ ಬದಿಗೆ ಎರಡೆರಡು, ಕೊನೆಗೆ ಪೂರ್ವದ ಗೆರೆಯ ಒಳಗಿರುವ ತಗ್ಗು. ಮೂರು ಜಾಗದಲ್ಲಿ ನೀರು ಬಂದರೆ ಮೈದಾನಕ್ಕೆ ಬೀಗ. ಇದನ್ನು ಯಾರೂ ಕಾನೂನಿನ ಪುಸ್ತಕದಲ್ಲಿ ಬರೆದಿಟ್ಟಿಲ್ಲ. ಅವನಿಗಿಂತ ಮೊದಲು ಈ ಕೆಲಸದಲ್ಲಿದ್ದ ಮುದುಕ ನಿವೃತ್ತನಾಗುವ ದಿನ ಬೀಗದ ಕೈಗಳ ಜೊತೆ ಇದನ್ನೂ ಕೊಟ್ಟುಹೋಗಿದ್ದ. ಇಪ್ಪತ್ತಾರು ವರ್ಷದಿಂದ ಅವನು ಹೀಗೆ ನೆಲ ಒತ್ತುತ್ತ ಬಂದದ್ದರಿಂದ ಊರಿನವರು ಅವನಿಗೆ ಹಿಮ್ಮಡಿ ಎಂದೇ ಹೆಸರಿಟ್ಟಿದ್ದರು. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಕಳೆದ ವರ್ಷದಿಂದ ಎದುರಿಗೇ ಅನ್ನುತ್ತಾರೆ.

ತಗ್ಗು ಒಂದೇ ಬಾಕಿ. ಅಲ್ಲಿಗೆ ನಡೆಯುವಾಗ ಅವನ ಮನಸ್ಸು ಹರಕೆ ಹೊತ್ತವರ ಹಾಗೆ, ಬರಲಿ ಬರಲಿ ಎನ್ನುತ್ತಿತ್ತು. ಒತ್ತಿದ. ತಿರುಗಿಸಿದ. ಏಳು ಎನ್ನುವಾಗ ಗುಣಿಯ ತಳದಲ್ಲಿ ಒಂದಿಷ್ಟು ಕಂದು ನೀರು ಜಿನುಗಿ ನಿಂತಿತು. ಬಂತಲ್ಲ ಎಂದು ಸಮಾಧಾನವಾಯಿತು. ಮರುಕ್ಷಣವೇ ಆ ಸಮಾಧಾನಕ್ಕೆ ನಾಚಿಕೆಯಾಯಿತು. ಹನ್ನೆರಡರಲ್ಲಿ ಒಂದು. ಇಷ್ಟಕ್ಕೆ ಮೈದಾನ ಮುಚ್ಚಿದರೆ ಆ ಮುದುಕ ಎಲ್ಲಿದ್ದರೂ ನಗುತ್ತಾನೆ. ಅವನು ಅಲ್ಲೇ ನಿಂತ. ಈ ತಗ್ಗಿನ ಹತ್ತಿರ ನಿಂತರೆ ಅವನ ಕಿವಿ ತಾನಾಗಿ ಏನನ್ನೋ ಕೇಳಿಸಿಕೊಳ್ಳತೊಡಗುತ್ತದೆ. ದೊಡ್ಡ ಶಬ್ದವೇನಲ್ಲ. ಹಸಿ ಕಡ್ಡಿಯನ್ನು ಮುರಿಯಲು ಹೋಗಿ, ಪೂರ್ತಿ ಮುರಿಯದೆ ಸಿಬಿರೆದ್ದಾಗ ಬರುವಷ್ಟು. ಹೋದ ವರ್ಷ ಅವತ್ತು ಅದು ಆಚೆ ಬದಿಯಲ್ಲಿ ನಿಂತಿದ್ದ ಅವನವರೆಗೂ ಕೇಳಿಸಿತ್ತೋ, ಅಥವಾ ಆಮೇಲೆ ಅವನೇ ಸೇರಿಸಿಕೊಂಡನೋ, ಈಗ ಹೇಳುವಂತಿಲ್ಲ.

ಅವತ್ತೂ ಬೆಳಗಿನ ಆರೂವರೆ. ಆ ವರ್ಷದ ಮಳೆಯ ಹದಿನೈದನೆಯ ದಿನ. ಇದೇ ತಗ್ಗು ಎರಡು ಎನ್ನುವ ಮೊದಲೇ ತುಂಬಿತ್ತು, ಉತ್ತರದ ಗೋಲಿನ ಬಾಯಿ ಐದಕ್ಕೆ, ಎರಡು ಮೂಲೆಗಳು ಎಂಟಕ್ಕೋ ಒಂಬತ್ತಕ್ಕೋ. ಒಟ್ಟು ನಾಲ್ಕು. ಮನೆಯಿಂದ ಹೊರಡುವ ಮೊದಲು ಚಹ ಕುಡಿಯುತ್ತ ಮಗಳು ಲೋಟದಿಂದ ತಲೆ ಎತ್ತದೆ, "ಇವತ್ತು ತೆಗೀತೀಯ ಅಲ್ವಾ ಅಪ್ಪ" ಎಂದಿದ್ದಳು. ಬೇಡಿದ್ದಲ್ಲ, ಹಟ ಮಾಡಿದ್ದಲ್ಲ. ರಾಜ್ಯದ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಬಂದಿದ್ದರು, ಒಂದೇ ಪಂದ್ಯ, ಒಂದೇ ದಿನ. ಏಳನೇ ನಂಬರಿನ ಅಂಗಿ ತೊಟ್ಟು ಪೂರ್ವದ ಗೆರೆಯುದ್ದಕ್ಕೂ ಅವಳು ಚೆಂಡು ಒಯ್ಯುವುದನ್ನು ಒಮ್ಮೆ ನೋಡಿದವರು ಇನ್ನೊಬ್ಬರ ಹೆಸರು ಬರೆಯಲಾರರು ಎಂದು ಊರೇ ಹೇಳುತ್ತಿತ್ತು. ಅವನು ಬೇಲಿಯ ಪಕ್ಕದ ತಗಡಿನ ಕೋಣೆಗೆ ಬಂದು, ಗೋಡೆಯ ಮೊಳೆಗೆ ನೇತುಹಾಕಿದ ಮೈದಾನದ ಪುಸ್ತಕ ತೆಗೆದು, ನೀರು ಬಂದ ಜಾಗಗಳು ಎನ್ನುವ ಸಾಲಿನಲ್ಲಿ ಎರಡು ಎಂದು ಬರೆದ. ಬರೆದ ಮೇಲೆ ಹೆದರಿದ. ಹೆದರಿದವನು ಅದನ್ನು ತಿದ್ದಿ ಗೇಟಿಗೆ ಬೀಗ ಹಾಕಬಹುದಿತ್ತು. ಅದು ಬಿಟ್ಟು, ಉದ್ದ ಜಿಗಿತದ ಗುಂಡಿಗೆಂದು ತಾಡಪಾಲಿನಡಿ ಇಟ್ಟಿದ್ದ ಒಣ ಮರಳನ್ನು ಎರಡು ಕೈಗಾಡಿ ತುಂಬಿ ತಂದು ತಗ್ಗಿಗೆ ಸುರಿದು, ಹಲ್ಲಿನ ಕುಂಟೆಯಲ್ಲಿ ಎಳೆದು ಚೊಕ್ಕ ಮಾಡಿದ. ಹಸಿ ನೆಲದ ಮೇಲೆ ಒಣ ಮರಳು ಹಾಕಬಾರದೆಂದು ಈ ಕೆಲಸಕ್ಕೆ ನಿನ್ನೆ ಸೇರಿದವನಿಗೂ ಗೊತ್ತಿರುತ್ತದೆ. ಮೇಲೆ ಗಟ್ಟಿ ಕಾಣುತ್ತದೆ, ಕೆಳಗೆ ಗಂಜಿ. ಆದರೆ ಅವತ್ತು ಅದು ನೋಡಲು ಎಷ್ಟು ಚೆನ್ನಾಗಿ ಕಂಡಿತೆಂದರೆ, ಮಾಡಿದವನೇ ಅದನ್ನು ನಂಬಿಬಿಟ್ಟ.

ಅವಳಿಗೆ ಆ ತಗ್ಗು ಏಳು ವರ್ಷದವಳಿದ್ದಾಗಿನಿಂದ ಗೊತ್ತು. ಅಪ್ಪನ ಜೊತೆ ಬಂದು ಅಲ್ಲಿ ಕಾಗದದ ದೋಣಿ ಬಿಟ್ಟವಳು. ಆಡುವಾಗ ಕಣ್ಣು ಮುಚ್ಚಿಕೊಂಡಿದ್ದರೂ ಅಲ್ಲಿಗೆ ಬಂದಾಗ ಎರಡು ಹೆಜ್ಜೆ ಒಳಕ್ಕೆ ಸರಿದು ಓಡುತ್ತಿದ್ದಳು. ಅವತ್ತು ಸರಿಯಲಿಲ್ಲ. ಯಾರೂ ತಳ್ಳಲಿಲ್ಲ, ಹತ್ತಿರ ಕೂಡ ಯಾರೂ ಇರಲಿಲ್ಲ. ಎಡಗಾಲು ಮರಳಿನೊಳಗೆ ಮೀನಖಂಡದವರೆಗೆ ಇಳಿದು ಅಲ್ಲೇ ನಿಂತಿತು, ಮೈ ಮಾತ್ರ ಮುಂದೆ ಹೋಗಿ ಮೊಣಕಾಲಿನಲ್ಲಿ ತಿರುಗಿತು. ಆಸ್ಪತ್ರೆಯಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯ ಮಾರನೆಯ ದಿನ ಅವಳೇ ಹೇಳಿದ್ದಳು, "ಮರಳು ಹಾಕಿದ್ದು ನೋಡಿದೆ ಅಪ್ಪ. ಸರಿ ಮಾಡಿದೀಯ ಅಂತ ನೇರ ಓಡಿದೆ. ನಾನೇ ಎಲ್ಲೋ ಕಾಲು ಸರಿಯಾಗಿ ಇಡಲಿಲ್ಲ ಅನ್ಸುತ್ತೆ." ಅವನು ಹೂಂ ಎಂದಿದ್ದ. ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು, ಕಿಟಕಿಯ ಕಡೆ ನೋಡುತ್ತ, ಬರೀ ಹೂಂ. ಆ ಒಂದು ಹೂಂ ತನ್ನೊಳಗೆ ಎಷ್ಟು ಜಾಗ ಹಿಡಿಯಬಹುದೆಂದು ಆಗ ಅವನಿಗೆ ಗೊತ್ತಿರಲಿಲ್ಲ. ವಿಚಾರಣೆಗೆ ಬಂದ ಮೂವರು ಅಧಿಕಾರಿಗಳು ಪುಸ್ತಕ ತಿರುವಿ, ಎರಡು ಎಂದು ಓದಿ, ನಿಯಮದಂತೆ ನಡೆದಿದೆ ಎಂದು ಸಹಿ ಹಾಕಿದರು. ಅವರಲ್ಲೊಬ್ಬರು ಹೊರಡುವಾಗ ಅವನ ಹೆಗಲು ತಟ್ಟಿ, "ನಿಮ್ಮದೇ ಮಗು ಪಾಪ" ಎಂದರು. ಯಾರಾದರೂ ಅನುಮಾನದ ಮಾತೆತ್ತಿದರೆ ಮಗಳು ಊರುಗೋಲು ನೆಲಕ್ಕೆ ಕುಟ್ಟಿ ಜಗಳಕ್ಕೇ ನಿಲ್ಲುತ್ತಿದ್ದಳು: ಅಪ್ಪ ನೋಡದೆ ತೆಗೆಯೋನಲ್ಲ, ಪುಸ್ತಕ ಬೇಕಾದ್ರೆ ನೋಡ್ಕೊಳ್ಳಿ. ಇಡೀ ಊರಿನಲ್ಲಿ ಆ ಪುಸ್ತಕವನ್ನು ಮನಸಾರೆ ನಂಬಿದ್ದವಳು ಅವಳೊಬ್ಬಳೇ. ಅವಳ ಆ ನಂಬಿಕೆಯೊಂದು ಉಳಿದರೆ ಸಾಕು, ಮಿಕ್ಕದ್ದು ಹೇಗೋ ನಡೆಯುತ್ತದೆ ಎಂದು ಅವನು ಒಂದು ವರ್ಷ ಬದುಕಿದ್ದ.

ತಗಡಿನ ಕೋಣೆಗೆ ಬಂದಾಗ ಗೋಡೆಯ ಗಡಿಯಾರದಲ್ಲಿ ಏಳೂ ಹತ್ತು. ಒಳಗೆ ಸುಣ್ಣದ, ಪೆಟ್ರೋಲಿನ, ಹಸಿ ಬಲೆಗಳ ವಾಸನೆ. ಇವತ್ತೂ ಅದೇ ಆಯ್ಕೆಯ ಪಂದ್ಯ. ಮಳೆಯಿಂದಾಗಿ ಮೂರು ಸಲ ಮುಂದಕ್ಕೆ ಹೋಗಿ, ಇವತ್ತು ಕಡೆಯ ದಿನ. ಇವತ್ತೂ ಆಗದಿದ್ದರೆ ಈ ವರ್ಷ ಈ ಊರಿನಿಂದ ಯಾರೂ ಇಲ್ಲವೆಂದು ಆಯ್ಕೆದಾರರು ಖಂಡಿತವಾಗಿ ಹೇಳಿದ್ದರು. ಏಳನೇ ನಂಬರಿನ ಅಂಗಿಯನ್ನು ಈಗ ಒಬ್ಬ ಎತ್ತರದ ಹುಡುಗಿ ತೊಡುತ್ತಾಳೆ. ಅಭ್ಯಾಸದಲ್ಲಿ ಅವನು ನೋಡಿದ್ದಾನೆ: ಎಡಗಾಲು ಯಾವಾಗಲೂ ಒಂದು ಕ್ಷಣ ತಡ, ಚೆಂಡು ಬಂದಾಗ ಮೊದಲು ನೆಲ ನೋಡುತ್ತಾಳೆ, ತಪ್ಪಿಸಿಕೊಂಡಾಗ ನಗುತ್ತಾಳೆ. ಅವಳ ಮೇಲೆ ಅವನಿಗೆ ದ್ವೇಷವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳು ಆ ತಗ್ಗಿನ ಮೇಲೆ ಓಡಿ, ಏನೂ ಆಗದೆ ದಾಟಿ, ಆಚೆ ಹೋಗಿ ಗೋಲು ಹೊಡೆದರೆ? ಬೀಳುವುದಕ್ಕಿಂತ ಅದೇ ಅವನಿಗೆ ನೋಡಲಾಗದ ಸಂಗತಿಯಾಗಿತ್ತು. ಈ ವರ್ಷ ಯಾರೂ ಇಲ್ಲ ಎಂಬ ಮಾತನ್ನು ಅವನು ಬಾಯಲ್ಲಿಟ್ಟು ಚೀಪಿ ನೋಡಿದ. ಹಿತವಾಗಿತ್ತು. ಒಬ್ಬರ ಮಗಳ ಕಾಲು ಮತ್ತೆ ಮುರಿಯಬಾರದು ನೋಡು, ಅದಕ್ಕೇ, ಎಂದು ತನಗೆ ತಾನೇ ಹೇಳಿಕೊಂಡ. ಆ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ, ಹಾಗಾಗಿಯೇ ಕೆಲಸಕ್ಕೆ ಬಂತು. ಪುಸ್ತಕ ತೆಗೆದು ಇವತ್ತಿನ ಸಾಲಿನಲ್ಲಿ ನಾಲ್ಕು ಎಂದು ಬರೆದ. ಎರಡನೆಯ ಸಲಕ್ಕೆ ಎಲ್ಲವೂ ಸಲೀಸು. ಗೇಟಿಗೆ ಹೋಗಿ ಮೈದಾನ ಮುಚ್ಚಿದೆ ಎಂಬ ಬೋರ್ಡು ತೂಗುಹಾಕಿ ಬೀಗ ಜಡಿದ.

ಎಂಟು ಗಂಟೆಗೆ ತರಬೇತುದಾರಳು ಬಂದಳು. ಕೊರಳಲ್ಲಿ ಯಾವಾಗಲೂ ಸೀಟಿ ನೇತಾಡುವುದರಿಂದ ಎಲ್ಲರೂ ಅವಳನ್ನು ಸೀಟಿ ಮೇಡಂ ಎನ್ನುತ್ತಿದ್ದರು. ಬೋರ್ಡು ನೋಡಿ ಅವಳು ಕೂಗಾಡಲಿಲ್ಲ. ಚೀಲ ಕೆಳಗಿಟ್ಟು, ಬೇಲಿಯ ಮುರಿದ ಜಾಗದಲ್ಲಿ ತೂರಿ ಒಳಗೆ ಹೋಗಿ, ಮೈದಾನದ ನಡುವೆ ಎರಡು ಸಲ ನೆಗೆದು, ಹಾಗೇ ತೂರಿ ಹೊರಗೆ ಬಂದಳು.

"ನೋಡಿ ಸಾರ್, ನನ್ನ ಶೂಗೆ ಒಂದು ಚೂರು ಕೆಸರು ಅಂಟಿಲ್ಲ."

"ಶೂಗೆ ಅಂಟೋದು ಬೇರೆ, ಒಳಗಿರೋದು ಬೇರೆ ಮೇಡಂ."

"ಎಷ್ಟು ಜಾಗದಲ್ಲಿ ಬಂತು?"

"ನಾಲ್ಕು."

"ಎಲ್ಲೆಲ್ಲಿ, ತೋರಿಸಿ ಬನ್ನಿ."

ಅವನು ಬೀಗದ ಕೈಯನ್ನು ಜೇಬಿನೊಳಗೆ ಬಿಗಿಯಾಗಿ ಹಿಡಿದುಕೊಂಡ. "ತೋರಿಸೋ ಪದ್ಧತಿ ಇಲ್ಲ. ಪುಸ್ತಕದಲ್ಲಿದೆ."

ಅಷ್ಟರಲ್ಲಿ ಹುಡುಗಿಯರೂ ಅವರ ಮನೆಯವರೂ ಗೇಟಿನ ಹತ್ತಿರ ಸೇರಿದ್ದರು. ಎತ್ತರದ ಹುಡುಗಿಯ ಅಪ್ಪ, ದಪ್ಪ ಕನ್ನಡಕದ ದರ್ಜಿ, ಗುಂಪಿನಿಂದ ಮುಂದೆ ಬಂದು, ಚಪ್ಪಲಿ ಕಳಚಿ, ಡಾಂಬರು ರಸ್ತೆಗೆ ಹಿಮ್ಮಡಿ ಒತ್ತಿ ಅರ್ಧ ಸುತ್ತು ತಿರುಗಿ, ಬಗ್ಗಿ ನೋಡಿ, "ಅಯ್ಯೋ, ಇಲ್ಲೂ ನೀರು ಬರ್ತಿದೆ ಕಣ್ರೀ, ರಸ್ತೆ ಮುಚ್ಚಿಸಿ" ಎಂದ. ಎಲ್ಲರೂ ನಕ್ಕರು. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹಿಂದಿನಿಂದ ಯಾರೋ, "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದರು. ಅವನಿಗೆ ಮುಖವೆಲ್ಲ ಬಿಸಿಯಾಯಿತು. ಆದರೂ ಆ ನಗು ಒಂದು ರೀತಿಯಲ್ಲಿ ಸಲ್ಲಬೇಕಾದದ್ದೇ ಎನಿಸಿ, ಇನ್ನಷ್ಟು ನಗಲಿ ಎಂದು ಹಾಗೇ ನಿಂತಿದ್ದ.

ಸೀಟಿ ಮೇಡಂ ಮಾತ್ರ ನಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿ, "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮಗಳೇ ಇವತ್ತು ಆಡೋದಿದ್ದಿದ್ರೆ ತೆಗೀತಿದ್ರಾ?" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವನ ಕೈ ತಾನಾಗಿ ಪುಸ್ತಕವಿದ್ದ ಕೋಣೆಯ ಕಡೆ ಎದ್ದಿತು. ಅವಳು ಕೇಳಿದ್ದು ಬೇರೆ, ಅವನಿಗೆ ತಗುಲಿದ್ದು ಬೇರೆ. "ಕಚೇರಿಗೆ ಫೋನ್ ಮಾಡಿ ಬೇಕಾದ್ರೆ," ಎಂದ. ಅವಳು ಮಾಡಿದಳು. ಎಲ್ಲರಿಗೂ ಕೇಳಲೆಂದು ಜೋರಾಗಿಟ್ಟ ಆ ಫೋನಿನೊಳಗಿಂದ ಮೇಲಧಿಕಾರಿಯ ನಿದ್ದೆಗಣ್ಣಿನ ದನಿ ಬಂತು: "ಅವರು ಬೇಡ ಅಂದ್ರೆ ಬೇಡಮ್ಮ. ಹೋದ ವರ್ಷದ್ದಾದ ಮೇಲೆ ಅವರ ಮಾತೇ ಕೊನೆ. ನಾವು ಯಾರೂ ಕೈ ಹಾಕಲ್ಲ." ಮಗಳ ಮೊಣಕಾಲು ಅವನಿಗೆ ಈ ಅಧಿಕಾರ ಕೊಡಿಸಿತ್ತು. ಹತ್ತೂವರೆಯವರೆಗೆ ಕಾದು ಗುಂಪು ಕರಗಿತು. ಆಯ್ಕೆದಾರರ ವ್ಯಾನು ಗೇಟಿನವರೆಗೆ ಬಂದು, ಬೋರ್ಡು ಓದಿ, ಯಾರೂ ಇಳಿಯದೆ ಹಾಗೇ ತಿರುಗಿಹೋಯಿತು. ಎತ್ತರದ ಹುಡುಗಿ ಮಾತ್ರ ಸ್ವಲ್ಪ ಹೊತ್ತು ಬೇಲಿಯ ತಂತಿ ಹಿಡಿದು ಒಳಗೆ ನೋಡುತ್ತ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ಅವಳನ್ನು ಬೈದುಕೊಳ್ಳುವುದು ಸುಲಭವಾಗುತ್ತಿತ್ತು.

ಕೋಣೆಯಲ್ಲಿ ಕೂತು ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದಾಗ ಕಿಟಕಿಯ ಆಚೆ ಏನೋ ಅಲುಗಿತು. ಮೈದಾನದ ಉತ್ತರದ ತುದಿಯಲ್ಲಿ ಬೇಲಿಯ ಮುರಿದ ಜಾಗದಲ್ಲಿ ತೂರಿ ಬಂದ ಯಾರೋ ಗೋಲುಕಂಬ ಹಿಡಿದು ನಿಂತಿದ್ದರು. ಕಪ್ಪು ಕೋಟು, ಮಡಿಸಿದ ಕೊಡೆ. ಒಂದು ವರ್ಷದಿಂದ ಈ ಬೀದಿಯನ್ನೇ ತಪ್ಪಿಸಿ ಸುತ್ತುಬಳಸಿನ ದಾರಿಯಲ್ಲಿ ಗ್ರಂಥಾಲಯಕ್ಕೆ ಹೋಗಿ, ದಿನವಿಡೀ ಎತ್ತರದ ಕುರ್ಚಿಯಲ್ಲಿ ಕೂತು ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತಿ ಬರುವ ಮಗಳು. ಅವನು ಎದ್ದು ನಿಂತ, ಆದರೆ ಹೊರಗೆ ಹೋಗಲಿಲ್ಲ. ಅವಳು ಕಂಬಕ್ಕೆ ಆತುಕೊಂಡು ನಿಂತು ಬಲ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದಳು. ತಿರುಗಿಸಲು ಎಡಗಾಲಿನ ಆಸರೆ ಸಾಲದೆ ಒಮ್ಮೆ ತೂರಾಡಿದಳು. ಬಗ್ಗಿ ನೋಡಿದಳು. ತುಟಿ ಅಲುಗುತ್ತಿತ್ತು. ಮೂಲೆಗೆ ಹೋದಳು, ಇನ್ನೊಂದು ಮೂಲೆಗೆ ಹೋದಳು. ಹಿಡಿಯಲು ಏನೂ ಇಲ್ಲದ ಕಡೆ ಕೊಡೆಯನ್ನೇ ಊರಿಕೊಂಡಳು. ಅವನು ಹೇಳಿಕೊಟ್ಟಿದ್ದ ಕ್ರಮದಲ್ಲೇ, ಒಂದೂ ಬಿಡದೆ. ಅವನಿಗೆ ಇಪ್ಪತ್ತು ನಿಮಿಷದ ಕೆಲಸ. ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಯಲ್ಲಿ ಅವನು ನೂರು ಉತ್ತರ ಹೊಂದಿಸಿದ. ಬೆಳಗ್ಗೆ ಬೇರೆ ಇತ್ತು, ಆಮೇಲೆ ಗಾಳಿಗೆ ಒಣಗಿದೆ ಎನ್ನಬಹುದು. ಬಿಸಿಲೇ ಬಂದಿಲ್ಲವಲ್ಲ ಎಂದರೆ? ತಗ್ಗಿನ ಹತ್ತಿರ ಬಂದಾಗ ಅವಳು ಉಳಿದ ಕಡೆಗಿಂತ ಹೆಚ್ಚು ಹೊತ್ತು ನಿಂತಿದ್ದಳು. ಆಕಾಶದ ಪಡುವಣದಲ್ಲಿ ಮೋಡ ಮತ್ತೆ ಕಟ್ಟುತ್ತಿತ್ತು.

ಅವಳು ಬಾಗಿಲಲ್ಲಿ ಕೊಡೆ ಒರಗಿಸಿ ಒಳಗೆ ಬಂದಳು. ಕೋಟಿನ ಗುಂಡಿ ಬಿಚ್ಚಿದಾಗ ಒಳಗೆ ತಂಡದ ಹಳೆಯ ನೀಲಿ ಅಂಗಿ ಕಂಡಿತು.

"ರಜಾ ಹಾಕಿದ್ದೆ," ಎಂದಳು. "ಗೆರೆ ಹತ್ರ ನಿಂತು ಟೈಮ್ ನೋಡ್ಕೋ ಅಂತ ಮೇಡಂ ಕರೆದಿದ್ರು. ನಿನಗೆ ಹೇಳಿರಲಿಲ್ಲ. ನೋಡಿದಾಗ ಖುಷಿಯಾಗ್ಲಿ ಅಂತ."

ಅವನು ಬಲೆಯನ್ನು ಕೆಳಗಿಡಲಿಲ್ಲ. "ಕೂತ್ಕೋ. ಕಾಲು ನೋಯುತ್ತೆ."

"ಒಂದೇ ಕಡೆ ನೀರು ಬಂತು ಅಪ್ಪ."

"ಆ ಕಾಲಲ್ಲಿ ನಿನಗೇನು ಗೊತ್ತಾಗುತ್ತೆ," ಎಂದುಬಿಟ್ಟ. ಮಾತು ಬಾಯಿಂದ ಹೊರಗೆ ಬಂದು ಇಬ್ಬರ ನಡುವೆ ನಿಂತುಕೊಂಡಿತು. ಇಷ್ಟು ವರ್ಷದಲ್ಲಿ ಯಾರಿಗೂ, ನಾಯಿಗೂ ಕೂಡ, ಅವನು ಅಂಥ ಮಾತು ಆಡಿರಲಿಲ್ಲ. ಅವಳು ತನ್ನ ಕಾಲನ್ನು ನೋಡಿಕೊಂಡಳು, ಯಾರೋ ಹೇಳಿದ ಮೇಲೆ ನೆನಪಾದವಳ ಹಾಗೆ.

"ಒತ್ತಿದ್ದು ಬಲಗಾಲಲ್ಲಿ," ಎಂದಳು. ಆಮೇಲೆ ಗೋಡೆಯ ಮೊಳೆಯಿಂದ ಪುಸ್ತಕ ತೆಗೆದಳು. ಅವನು ತಡೆಯಲಿಲ್ಲ. ತಡೆಯಲು ಎದ್ದರೆ ಎಲ್ಲ ಒಪ್ಪಿಕೊಂಡ ಹಾಗೆ ಎಂದುಕೊಂಡು ಕೂತಲ್ಲೇ ಕೂತು ಗಂಟು ಹಾಕುತ್ತಿದ್ದ. ಹಾಕಿದ ಗಂಟು ತಪ್ಪಾಗಿ ಬಿಚ್ಚುತ್ತಿದ್ದ. ಅವಳು ಇವತ್ತಿನ ಸಾಲಿನ ಮೇಲೆ ಬೆರಳಿಟ್ಟಳು. ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋದಳು. ಮುದ್ರೆ ಒತ್ತುವ ಕೆಲಸದವಳಿಗೆ ತಾರೀಖು ಹುಡುಕುವುದು ತಡವಲ್ಲ. ಹೋದ ವರ್ಷದ ಆ ದಿನದ ಹಾಳೆಯಲ್ಲಿ ನಿಂತು, ಎರಡೂ ಹಾಳೆಗಳ ನಡುವೆ ಬೆರಳು ಸಿಕ್ಕಿಸಿಕೊಂಡು, ಒಮ್ಮೆ ಅದನ್ನು ಒಮ್ಮೆ ಇದನ್ನು ನೋಡಿದಳು. ಅಕ್ಷರ ಎರಡೂ ಕಡೆ ಒಂದೇ ಥರ, ನೀಟಾಗಿತ್ತು.

"ಅವತ್ತು ಎಷ್ಟು ಬಂದಿತ್ತು ಅಪ್ಪ?"

ಈಗ ಹೇಳಬಹುದಿತ್ತು. ಒಂದು ವರ್ಷದಿಂದ ಯಾವ ಮಾತಿಗೆ ಜಾಗ ಸಿಗಲಿಲ್ಲವೆಂದು ಅವನು ನೆವ ಹೇಳಿಕೊಂಡು ಬಂದಿದ್ದನೋ, ಅದಕ್ಕೆ ಅವಳೇ ಜಾಗ ಮಾಡಿಕೊಟ್ಟು ಕಾಯುತ್ತಿದ್ದಳು. ನಾಲ್ಕು ಎಂಬ ಮಾತು ಅವನ ಗಂಟಲವರೆಗೆ ಬಂದಿದ್ದು ನಿಜ. ಆದರೆ ನಾಲ್ಕು ಎಂದರೆ ಮರಳಿನ ಮಾತು ಬರುತ್ತದೆ. ಮರಳಿನ ಮಾತು ಬಂದರೆ ಆಸ್ಪತ್ರೆಯ ಹೂಂ ಬರುತ್ತದೆ.

"ಎರಡು," ಎಂದ. "ಬರೆದಿದೀನಲ್ಲ."

"ಇವತ್ತೂ ಬರೆದಿದೀಯ," ಎಂದಳು ಮಗಳು.

ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು. ನಾಲ್ಕಾರು ದಪ್ಪ ಹನಿ, ಆಮೇಲೆ ಯಾರೋ ಮೂಟೆ ಬಿಚ್ಚಿ ಸುರಿದ ಹಾಗೆ ಒಮ್ಮೆಗೇ ಮಳೆ. ಆಡಿದ್ದರೆ ಈ ಹೊತ್ತಿಗೆ ಪಂದ್ಯದ ಎರಡನೆಯ ಭಾಗ ನಡೆಯುತ್ತಿತ್ತು. ಅವನು ಕಿಟಕಿಯ ಕಡೆ ತಿರುಗಿದ, ಮತ್ತು ಅವನ ಮುಖ ಅವನ ಮಾತು ಕೇಳದೆ ಅರಳಿತು. ತಿರುಗಿ ನೋಡಿದರೆ ಅವಳು ಅದನ್ನೇ ನೋಡುತ್ತಿದ್ದಳು.

ಫೋನ್ ಬಡಿದುಕೊಂಡಿತು. ಸೀಟಿ ಮೇಡಂ. ಮಳೆಯ ಸದ್ದಿಗೆ ಅವಳು ಕಿರುಚಿ ಮಾತಾಡುತ್ತಿದ್ದರಿಂದ ಕೋಣೆಗೆಲ್ಲ ಕೇಳುತ್ತಿತ್ತು.

"ಸಾರ್, ಕ್ಷಮಿಸಿ. ಬೆಳಗ್ಗೆ ಬಾಯಿಗೆ ಬಂದ ಹಾಗೆ ಮಾತಾಡಿದೆ. ಎಲ್ಲರೂ ಈಗ ಅದೇ ಹೇಳ್ತಿದಾರೆ, ಹಿಮ್ಮಡಿಯವರ ಲೆಕ್ಕ ಯಾವತ್ತೂ ತಪ್ಪಲ್ಲ ಅಂತ. ಆ ದರ್ಜಿಯವರೂ ಕ್ಷಮೆ ಕೇಳಿ ಅಂದ್ರು. ಈ ಮಳೇಲಿ ನಮ್ಮ ಹುಡುಗಿ ಆ ತಗ್ಗಿನ ಮೇಲೆ ಓಡಿದ್ರೆ ಏನು ಗತಿ, ನೆನೆಸ್ಕೊಂಡ್ರೆ ಭಯ ಆಗುತ್ತೆ. ನೀವು ಉಳಿಸಿದ್ರಿ."

ಮಗಳು ಪುಸ್ತಕವನ್ನು ಮೊಳೆಗೆ ನೇತುಹಾಕುತ್ತಿದ್ದಳು. ಅವನು ಸುಮ್ಮನೆ ಫೋನ್ ಇಟ್ಟುಬಿಡಬಹುದಿತ್ತು.

"ಪರವಾಗಿಲ್ಲ ಬಿಡಿ ಮೇಡಂ," ಎಂದ. ಇಷ್ಟು ದೊಡ್ಡತನದ ದನಿ ತನ್ನಲ್ಲಿ ಎಲ್ಲಿತ್ತೋ ಅವನಿಗೇ ತಿಳಿಯಲಿಲ್ಲ. "ನಮ್ಮ ಕೆಲಸವೇ ಅದು."

ಅವಳು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೆ ಹಾಕಿಕೊಂಡಳು. "ನಾನು ಕಾಲು ಇಟ್ಟಿದ್ದು ತಪ್ಪಾಗಿರಲಿಲ್ಲ ಹಾಗಾದ್ರೆ," ಎಂದಳು. ಅವನನ್ನಲ್ಲ, ಒಂದು ವರ್ಷದಿಂದ ರಾತ್ರಿಹಗಲು ಆ ಓಟದ ಒಂದೊಂದೇ ಹೆಜ್ಜೆಯನ್ನು ತೆಗೆದು ನೋಡುತ್ತ, ತಪ್ಪು ಎಲ್ಲಿ ಎಂದು ಹುಡುಕುತ್ತಿದ್ದ ಯಾರನ್ನೋ ಉದ್ದೇಶಿಸಿ ಹೇಳಿದಂತಿತ್ತು. ಕೊಡೆ ತೆಗೆದುಕೊಂಡಳು, ಬಿಚ್ಚಲಿಲ್ಲ. ಅದನ್ನು ಊರಿಕೊಂಡು ಮಳೆಯೊಳಗೆ ಇಳಿದು, ಗೇಟಿಗೆ ಹೋಗುವ ಇಟ್ಟಿಗೆಯ ದಾರಿ ಬಿಟ್ಟು, ಮೈದಾನಕ್ಕೆ ಅಡ್ಡಲಾಗಿ ನಡೆದಳು. ಪೂರ್ವದ ಗೆರೆಯ ಹತ್ತಿರ ಬಂದಾಗ ಎರಡು ಹೆಜ್ಜೆ ಒಳಕ್ಕೆ ಸರಿದು, ತಗ್ಗನ್ನು ಬಳಸಿ, ಹಾಗೇ ಮುಂದೆ ಹೋದಳು.

ಅವನು ಬಾಗಿಲಿನವರೆಗೆ ಬಂದು ನಿಂತ. ಅವಳ ಹೆಜ್ಜೆಗಳು ಹೊಸ್ತಿಲಿನಿಂದಲೇ ಸಾಲಾಗಿ ಹೋಗಿದ್ದವು: ಬಲಗಾಲಿನದು ಆಳ, ಎಡಗಾಲಿನದು ಬರೀ ಎಳೆದ ಗೆರೆ, ಪಕ್ಕದಲ್ಲಿ ಕೊಡೆಯ ಚುಚ್ಚು. ಅಭ್ಯಾಸಬಲ, ಅವನು ಹತ್ತಿರದ ಗುಣಿಯನ್ನು ನೋಡುತ್ತ ಎಣಿಸತೊಡಗಿದ. ಮೂರು ಎನ್ನುವ ಮೊದಲೇ ತುಂಬಿತು. ಅದರಾಚೆಯದೂ ತುಂಬಿತು, ಅದರಾಚೆಯದೂ. ಪುಸ್ತಕದಲ್ಲಿ ಇವತ್ತಿನ ಸಾಲಿನಲ್ಲಿ ನಾಲ್ಕು ಎಂದಿತ್ತು. ಈಗ ಯಾವ ಅಧಿಕಾರಿ ಬಂದು ಎಲ್ಲಿ ಒತ್ತಿ ನೋಡಿದರೂ ಅದು ಸುಳ್ಳೆಂದು ಹೇಳಲಾರ.